ಖಂಡೇನವಮಿಗೆ ತೊಳೆದ ಯುದ್ಧಯಂತ್ರ

ಹೊಸ ಗಾಡಿಯನ್ನು ಹಳೆಯದು ಮಾಡಲು ಮೂರು ವಾರ ಒದ್ದಾಡಿದವಳು ಅಥಣಿ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಗಾಡಿ ಎಂದರೆ ಅಂಗೈ ಮೇಲೆ ಕೂರುವ ಪ್ಲಾಸ್ಟಿಕ್ಕಿನ ಯುದ್ಧಯಂತ್ರ. ಎರಡು ಬದಿಗೆ ಚೈನು, ನೆತ್ತಿಯ ಮೇಲೆ ಬೆಂಕಿಕಡ್ಡಿಯಷ್ಟು ಉದ್ದದ ತೋಪು. ಸಾಂಗಲಿಯ ಡ್ರಾಯಿಂಗ್ ಮಾಸ್ತರರೊಬ್ಬರು ವಿಜ್ಞಾನ ಪ್ರದರ್ಶನವೊಂದರಲ್ಲಿ ಪರಿಚಯವಾಗಿ ನನಗೆ ಈ ಹುಚ್ಚು ಹಿಡಿಸಿದರು. ತಿಂಗಳಿಗೊಂದು ಭಾನುವಾರ ಅವರ ಮಾಳಿಗೆಯಲ್ಲಿ ನಾಲ್ಕೈದು ಜನ ಸೇರುತ್ತೇವೆ. ದೊಡ್ಡ ಟೇಬಲ್ಲಿನ ಮೇಲೆ ಗುಡ್ಡ, ಹಳ್ಳ, ಮುರುಕು ಗೋಡೆ ಹೂಡಿ, ದಾಳ ಉರುಳಿಸಿ ಯುದ್ಧ ಆಡುತ್ತೇವೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ವಯಸ್ಸು ನಲವತ್ತಾರು. ಇದನ್ನು ಹೇಳಿಕೊಳ್ಳಲು ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ನಮ್ಮ ಮನೆಯವರಿಗೆ ಕಬ್ಬು, ದ್ರಾಕ್ಷಿ ಮತ್ತು ಎರಡು ಟ್ರ್ಯಾಕ್ಟರು, ಇಷ್ಟೇ ಲೋಕ. ನಾನು ಪಡಸಾಲೆಯಲ್ಲಿ ಕುಂಚ ಹಿಡಿದು ಕೂತಿದ್ದರೆ, "ಟೀಚರ್, ನಿಮ್ಮ ಆಟಿಗಿ ಸಾಮಾನ ಮುಗೀತೇನ್ರಿ?" ಎಂದು ಕೇಳಿ ಅತ್ತ ನೋಡದೆಯೇ ಹೊರಟುಬಿಡುವರು. ಟ್ರ್ಯಾಕ್ಟರಿಗೆ ಹೊಸ ಟಾಯರ್ ಬಂದರೆ ಮಾತ್ರ ನಾನು ಅದರ ಸುತ್ತ ತಿರುಗಿ "ಭಾರಿ ಅದಾವ್ರಿ" ಅನ್ನಬೇಕು. ನನಗೆ ಹೊಟ್ಟೆ ಉರಿಯುತ್ತಿತ್ತು. ಆಟದಲ್ಲಿ ಗೆಲ್ಲುವುದು ಬಿಡಿ, ಈ ಮನುಷ್ಯ ಒಮ್ಮೆಯಾದರೂ ನನ್ನದನ್ನು ಗಾಡಿ ಎಂದು ನೋಡಲಿ ಅನ್ನುವುದೊಂದೇ ಆಸೆಯಾಗಿತ್ತು.

ಆ ಸಲ ಅದಕ್ಕಾಗಿಯೇ ಜೀವ ತೇದಿದ್ದೆ. ಹಸಿರು ಬಣ್ಣ ಬಳಿಯುವುದು ಅರ್ಧ ಕೆಲಸ. ಉಳಿದರ್ಧ, ಅದು ಯುದ್ಧ ಮಾಡಿ ಬಂದಿದೆ ಎಂದು ನಂಬಿಸುವುದು. ಪಾತ್ರೆ ತಿಕ್ಕುವ ಸ್ಪಂಜಿನ ಚೂರಿನಿಂದ ಅಂಚುಗಳಲ್ಲಿ ಬಣ್ಣ ಕಿತ್ತಂತೆ ಮಾಡಿದೆ. ಇಟ್ಟಿಗೆ ಪುಡಿಯಿಂದ ತುಕ್ಕು ಹಿಡಿಸಿದೆ. ನಮ್ಮ ಹೊಲದ ಎರೆಮಣ್ಣನ್ನು ಹಳೆಯ ಸೀರೆಯಲ್ಲಿ ಜರಡಿ ಹಿಡಿದು, ನೀರಿನಲ್ಲಿ ಕಲಸಿ ಕೆಸರು ಹತ್ತಿಸಿದೆ. ಎಲ್ಲ ಕೂತುಕೊಳ್ಳಲು ಮೇಲೊಂದು ಕೈ ವಾರ್ನಿಶ್ ಹೊಡೆಯಬೇಕು, ಅದೊಂದು ಬಾಕಿ ಇತ್ತು. ಒಣಗಲೆಂದು ಕಿಟಕಿಯಲ್ಲಿಟ್ಟು ಮಲಗಿದೆ. ಮರುದಿನ ಖಂಡೇನವಮಿ, ಆಯುಧಪೂಜೆಯ ದಿನ.

ಬೆಳಿಗ್ಗೆ ಹೋಳಿಗೆಗೆ ಹೂರಣ ರುಬ್ಬಿ ಅಂಗಳಕ್ಕೆ ಬಂದೆ. ಪೂಜೆಗೆ ಎಲ್ಲವೂ ಸಾಲಾಗಿ ನಿಂತಿದ್ದವು: ಎರಡು ಟ್ರ್ಯಾಕ್ಟರು, ಟ್ರೇಲರು, ಔಷಧ ಹೊಡೆಯುವ ಪಂಪು, ಮೋಟರ್ ಸೈಕಲ್ಲು, ಕುಡುಗೋಲು, ಸಲಿಕೆ. ಸಾಲಿನ ಕೊನೆಗೆ, ಬೋರಲು ಹಾಕಿದ ಬುಟ್ಟಿಯ ಮೇಲೆ ನನ್ನ ಯುದ್ಧಯಂತ್ರ. ಫಳಫಳ ಹೊಳೆಯುವ ಹಸಿರು. ಒಂದು ಚುಕ್ಕೆ ಕೆಸರಿಲ್ಲ!

"ಅಯ್ಯಯ್ಯೋ, ಇದನ್ಯಾಕ ತೊಳದ್ರಿ?" ಎಂದು ಕಿರುಚಿದೆ.

"ಹೊಲಸಾಗಿತ್ತಲ್ಲ," ಅಂದರು ನಮ್ಮವರು. "ಹಬ್ಬದ ದಿನ ಗಾಡಿ ಕೆಸರಿನಾಗ ಇಡ್ತಾರೇನ?"

"ಮೂರ ವಾರ ಕುಂತ ಹಚ್ಚೇನ್ರಿ ಆ ಕೆಸರ!"

"ಕೆಸರು ಹಚ್ಚೀದೀ?" ಅವರು ಬಾಯಿ ತೆರೆದು ನಿಂತರು. "ಕೆಸರ ಬೇಕಿತ್ತಂದ್ರ ನನಗ ಹೇಳಬೇಕಿಲ್ಲೋ? ಹೊಲಕ್ಕ ಒಯ್ದು ಒಂದ ಸುತ್ತು ಹೊಡಿಸ್ಕೊಂಡ ಬರ್ತಿದ್ನಿ."

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಮೂರನೆಯ ದಿನ ಆಟ. ಬೈಯಲು ಬಾಯಿ ತೆರೆದೆ, ಆಗ ಕಣ್ಣು ಚೈನಿನ ಕೆಳಗೆ ಹೋಯಿತು. ಟ್ರ್ಯಾಕ್ಟರಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು, ಓಡಿಸಿ ಒಡೆಯಲು. ನನ್ನ ಗಾಡಿಗೆ ನಿಂಬೆಹಣ್ಣು ದೊಡ್ಡದಾಯಿತಲ್ಲ! ಎರಡೂ ಚೈನಿನ ಕೆಳಗೆ ಒಂದೊಂದು ಒಣದ್ರಾಕ್ಷಿ ಇಟ್ಟಿದ್ದರು. ಮೂರು ಬೆರಳು ವಿಭೂತಿ ಎಳೆಯಲು ಜಾಗವಿಲ್ಲವೆಂದು ಕಡ್ಡಿಯಿಂದ ಮೂರು ಗೆರೆ ಎಳೆದಿದ್ದರು. ತೋಪಿಗೆ ಚೆಂಡುಹೂವಿನ ಒಂದೇ ಒಂದು ಎಸಳು.

ನಾನು ನಕ್ಕೆ. ನಿಲ್ಲಿಸಲಾಗದೆ ಪಂಪಿನ ಮೇಲೆ ಕೈಯೂರಿ ನಕ್ಕೆ. ನಮ್ಮವರು ನನಗೇನಾಯಿತೋ ಎಂದು ಗಾಬರಿಯಾದರು. ಆಮೇಲೆ ಗಂಭೀರವಾಗಿಯೇ ನನ್ನ ಕೈಯಿಂದ ಅದಕ್ಕೆ ಆರತಿ ಮಾಡಿಸಿದರು, ಒಣದ್ರಾಕ್ಷಿ ಜಜ್ಜುವಂತೆ ಎರಡು ಬೆರಳಲ್ಲಿ ಅದನ್ನು ಮುಂದೆ ಓಡಿಸಿದರು.

ಮರುದಿನ ಮಧ್ಯಾಹ್ನ ತಪ್ಪು ಒಪ್ಪಿಕೊಂಡವರಂತೆ ಬಂದು ಪಕ್ಕದಲ್ಲಿ ಕೂತರು. ಐದೇ ನಿಮಿಷದಲ್ಲಿ ಕಾರುಬಾರು ಅವರದಾಯಿತು.

"ಚೈನಿಗೆ ತುಕ್ಕು ಹಚ್ಚಬ್ಯಾಡ. ನೆಲಕ್ಕ ತಿಕ್ಕಿ ತಿಕ್ಕಿ ಅದು ಬೆಳ್ಳಗ ಹೊಳಿತೈತಿ. ತುಕ್ಕು ಬರೂದು ನೀರು ನಿಲ್ಲೂ ಮೂಲ್ಯಾಗ. ಕೆಸರು ಹಿಂದಿನ ಮಡ್ಗಾರ್ಡಿಗೆ ಸಿಡೀತೈತಿ, ನೆತ್ತಿಗಿ ಹ್ಯಾಂಗ ಏರ್ತೈತಿ?"

ಎರಡು ವರ್ಷ ವಿಡಿಯೋ ನೋಡಿ ಕಲಿತಿದ್ದನ್ನು ಇವರು ಒಂದೇ ಉಸಿರಿಗೆ ತಿದ್ದಿಬಿಟ್ಟರು. ಅವರು ತೋರಿಸಿದ ಕಡೆ ನಾನು ಹಚ್ಚಿದೆ, ಸಂಜೆಯೊಳಗೆ ವಾರ್ನಿಶ್ ಹೊಡೆದು ಮುಗಿಸಿದೆ. ಭಾನುವಾರ ಕಾರು ಓಡಿಸಿಕೊಂಡು ಅವರೂ ಬಂದರು. "ಬರೇ ಬಿಟ್ಟು ಬರ್ತೀನಿ" ಅಂದವರು ಮಾಳಿಗೆ ಹತ್ತಿ ನನ್ನ ಬೆನ್ನ ಹಿಂದೆ ನಿಂತರು. ಮಾಸ್ತರರು ಗಾಡಿಯನ್ನು ಬೆಳಕಿಗೆ ಹಿಡಿದು ಮರಾಠಿಯಲ್ಲಿ, "ಅಗದೀ ಖರಾ ಚಿಖಲ್!" ಅಂದರು, ನಿಜವಾದ ಕೆಸರೇ ಎಂದು. ನಮ್ಮವರು ಮೀಸೆ ತಿರುವಿದರು.

ಎರಡನೇ ಸುತ್ತಿನಲ್ಲಿಯೇ ಮಾಸ್ತರರ ತೋಪು ನನ್ನತ್ತ ತಿರುಗಿತು. ದಾಳ ಉರುಳಿತು, ಆರು ಬಿತ್ತು. ನನ್ನ ಗಾಡಿ ನಾಶವಾಯಿತು, ನಿಯಮದ ಪ್ರಕಾರ ಟೇಬಲ್ಲಿನಿಂದ ಎತ್ತಬೇಕು. ನಾನು ಕೈ ಚಾಚಿದೆ. ಹಿಂದಿನಿಂದ ಇನ್ನೊಂದು ಕೈ ಅದಕ್ಕೆ ಮೊದಲೇ ಬಂದು ಅಡ್ಡ ಹಿಡಿಯಿತು.

"ಏ, ತಡೀರಿ ಮಾಸ್ತರ!" ಮರಾಠಿ ಮರೆತೇಹೋಗಿತ್ತು ನಮ್ಮವರಿಗೆ. "ಒಂದ ಗುಂಡಿಗೆ ಹ್ಯಾಂಗ ಹೋಗ್ತೈತ್ರಿ ನಮ್ಮ ಗಾಡಿ? ಅದರ ತಗಡ ನೋಡೀರೇನ?"

ಮಾಸ್ತರರು ನಗುತ್ತ ನಿಯಮದ ಹಾಳೆ ತೋರಿಸಿದರು. ನಮ್ಮವರು ಹಾಳೆಯ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಗುಂಡು ಎಲ್ಲಿ ಬಡಿದಿದೆ ಎಂದು ಮೇಲೆ ಕೆಳಗೆ ತಿರುಗಿಸಿ ಹುಡುಕತೊಡಗಿದರು.