ನೀಲವ್ವನ ಕೈ ಹಿಡಿದವರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನನ್ನ ಕಣ್ಣೆದುರಿಗೇ ನಡೆದದ್ದು. ಕಟ್ಟುಕಥೆಯಾಗಿದ್ದರೆ ಅದರಲ್ಲಿ ನನ್ನನ್ನು ನಾನೇ ಇಷ್ಟೊಂದು ಹೇಡಿಯಾಗಿ ತೋರಿಸಿಕೊಳ್ಳುತ್ತಿದ್ದೆನೆ?

ಎಪ್ಪತ್ತರ ದಶಕ. ಸಿಂದಗಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುತ್ತಿದ್ದೆ. ಹೊರಗೆ ಬಿಸಿಲು ಧಗಧಗ ಉರಿಯುತ್ತಿದ್ದರೂ ನಮ್ಮ ಕೋಣೆಗೆ ಹಗಲೆಂಬುದೇ ಇರಲಿಲ್ಲ. ಕಿಟಕಿಗೆ ಕರಿ ಬಟ್ಟೆ, ಬಾಗಿಲಿಗೆ ಕರಿ ಪರದೆ, ಮೂಗಿಗೆ ಫಿಲ್ಮ್ ತೊಳೆಯುವ ನೀರಿನ ಹುಳಿ ವಾಸನೆ...

ಮೋರಟಗಿಯಿಂದ ನೀಲವ್ವ ಎಂಬ ಆರು ವರ್ಷದ ಹುಡುಗಿಯನ್ನು ಕರೆತಂದಿದ್ದರು. ಬಲ ಅಂಗೈಯಲ್ಲಿ ರಕ್ತನಾಳಗಳು ಗಂಟುಕಟ್ಟಿ ಊದಿದ್ದವು. ಮುಟ್ಟಿದರೆ ಒಳಗೆ ಢಬಢಬ ಬಡಿಯುತ್ತಿತ್ತು. ಚೂರು ತರಚಿದರೂ ರಕ್ತ ನಿಲ್ಲುತ್ತಿರಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದ ಸರ್ಜನ್ ಸಾಹೇಬರು ತಾಯಿಗೆ ಮುಚ್ಚುಮರೆಯಿಲ್ಲದೆ ಹೇಳಿದರು.

"ನಾಳದಾಗ ಔಷಧ ಬಿಟ್ಟು ಫೋಟೋ ತಗೀತೇವಿ. ರಕ್ತ ಎಲ್ಲಿಂದ ನುಗ್ಗತೈತಿ ಅಂತ ಕಂಡ್ರ ಅಷ್ಟ ಕಟ್ಟತೇನಿ. ಕಾಣಲಿಲ್ಲಂದ್ರ ಕೈ ತಗೀಬೇಕಾಗತೈತಿ. ಔಷಧ ಇರೋದು ಒಂದ ಬಾಟ್ಲಿ."

"ಹೆಣ್ಣ ಕೂಸ ಐತ್ರಿ... ಬಲಗೈರೀ..." ಎಂದ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಕೂತಳು. ಅವಳನ್ನು ಒಳಗೆ ಬಿಡುವಂತಿರಲಿಲ್ಲ.

ಮಗು ಅಲುಗಿದರೆ ಚಿತ್ರ ಕೆಡುತ್ತದೆ. ಆದ್ದರಿಂದ ಒಂದು ಕೈಯಲ್ಲಿ ಸ್ವಿಚ್ಚು, ಇನ್ನೊಂದರಲ್ಲಿ ಮಗುವಿನ ಬೆರಳು... ಅದು ನನ್ನ ಕೆಲಸ. ಹಾಗೆ ಹಿಡಿಯುವಾಗ ಕಿರಣ ತಡೆಯುವ ಸೀಸದ ದಪ್ಪ ಕೈಗವಸು ಹಾಕಿಕೊಳ್ಳಬೇಕು. ನಮ್ಮದು ಹರಿದು ಹೋಗಿತ್ತು. ನನಗೆ ಮದುವೆಯಾಗಿ ಎರಡು ತಿಂಗಳು. ಆ ಕಿರಣ ಬಿದ್ದರೆ ಮಕ್ಕಳಾಗುವುದಿಲ್ಲ ಎಂದು ಯಾರೋ ತಲೆಗೆ ತುಂಬಿದ್ದರು.

ಯಂತ್ರಕ್ಕೆ ಕರೆಂಟು ಸಾಲುತ್ತಿರಲಿಲ್ಲವೆಂದು ದೀಪ ಆರಿಸಿದೆವು. ಸಾಹೇಬರು ಮೊಣಕೈ ಹತ್ತಿರ ಚುಚ್ಚಿದ್ದ ಸೂಜಿಯ ಮೇಲೆ ಬಾಗಿದ್ದರು. ನಾನು ಸ್ವಿಚ್ಚಿನ ವೈರು ಎಳೆದುಕೊಂಡು ಮೆಲ್ಲಗೆ ಸೀಸದ ತಡಿಕೆಯ ಹಿಂದೆ ಸರಿದೆ.

"ಕಾಕಾ... ಎಲ್ಲಿ ಅದೀರಿ?" ನೀಲವ್ವ ಅಳುತ್ತಿದ್ದಳು.

"ಇಲ್ಲೇ ಅದೇನವ್ವಾ. ನಿನ್ನ ಕೈ ಹಿಡಿತೇನಿ. ಅಲಗಬ್ಯಾಡ."

ಹಸಿ ಸುಳ್ಳು. ಅವಳಿಗೂ ನನಗೂ ನಡುವೆ ಎರಡು ಮಾರು ಕತ್ತಲೆಯಿತ್ತು.

ಅಳು ಥಟ್ಟನೆ ನಿಂತಿತು.

"ಹಾಂ..." ಎಂದಳು, ಸಮಾಧಾನದಿಂದ.

"ಚಲೋ ಹಿಡದಿ ನೋಡು. ಒತ್ತು!" ಸಾಹೇಬರ ದನಿ. ಒತ್ತಿದೆ. ಯಂತ್ರ ಗುಂಯ್ ಎಂದು ಸುಮ್ಮನಾಯಿತು. ಸಾಹೇಬರು ದೀಪ ಹಾಕುವಷ್ಟರಲ್ಲಿ ನಾನು ಕಳ್ಳನ ಹಾಗೆ ಮೇಜಿನ ಪಕ್ಕಕ್ಕೆ ಬಂದು ನಿಂತಿದ್ದೆ.

ಫಿಲ್ಮನ್ನು ನಾನೇ ತೊಳೆದೆ. ಕೆಂಪು ದೀಪದ ಕೆಳಗೆ ಚಿತ್ರ ಮೂಡತೊಡಗಿತು. ನೀಲವ್ವನ ಪುಟ್ಟ ಬೆರಳುಗಳು, ಔಷಧ ತುಂಬಿದ ನಾಳಗಳ ಬಿಳಿ ಎಳೆಗಳು, ಮಣಿಕಟ್ಟಿನಿಂದ ಗಂಟಿಗೆ ನುಗ್ಗುವ ಒಂದೇ ಒಂದು ದಪ್ಪ ನಾಳ... ಎಲ್ಲ ನಿಚ್ಚಳ. ಆ ಬೆರಳುಗಳನ್ನು ಸುತ್ತಿಕೊಂಡು ಇನ್ನೊಂದು ಕೈ. ದೊಡ್ಡವರ ಕೈ.

ಸಾಹೇಬರು ಚಿತ್ರವನ್ನು ದೀಪದ ಪೆಟ್ಟಿಗೆಗೆ ಹಿಡಿದು ಬೈದರು. "ಬರಿಗೈಲೆ ಹಿಡದೀಯಲ್ಲೋ ಹುಚ್ಚಾ! ಎಲುವು ಹೆಂಗ ಬಿದ್ದಾವ ನೋಡು." ಮರುಕ್ಷಣ ನಕ್ಕರು. "ಇರ್ಲಿ, ಹುಡುಗಿ ಕೈ ಉಳಸಿದಿ."

ಅವರು ಗಮನವಿಟ್ಟು ನೋಡಿದ್ದು ಮಗುವಿನ ಕೈಯನ್ನು ಮಾತ್ರ. ನಾನು ನೋಡಿದ್ದು ಇನ್ನೊಂದನ್ನು. ಅದರ ಮೂಳೆಗಳ ಸುತ್ತಲೂ ಬಿಳಿ ಎಳೆಗಳಿದ್ದವು... ನೀಲವ್ವನ ನಾಳಕ್ಕೆ ಬಿಟ್ಟ ಔಷಧ, ಅವಳ ಬೆರಳ ತುದಿಗಳನ್ನು ದಾಟಿ, ಆ ಕೈಯ ಒಳಗೂ ಹರಿದಿತ್ತು. ಎಷ್ಟೋ ವರ್ಷ ಈ ಕೆಲಸ ಮಾಡಿದ್ದೇನೆ. ಹಾಗಾಗಲು ಸಾಧ್ಯವೇ ಇಲ್ಲ.

ಮರುದಿನ ಸಾಹೇಬರು ಆ ಒಂದು ನಾಳವನ್ನು ಕಟ್ಟಿದರು. ಊತ ಇಳಿಯಿತು. ಕೈ ಉಳಿಯಿತು.

ಊರಿಗೆ ಹೊರಟ ದಿನ ತಾಯಿ ನನ್ನ ಕಾಲು ಮುಟ್ಟಲು ಬಂದಳು. ನಾಚಿಕೆಯಿಂದ ಹಿಂದೆ ಸರಿದೆ. ನೀಲವ್ವ ಮಾತ್ರ ಬ್ಯಾಂಡೇಜು ಸುತ್ತಿದ ಕೈಯಿಂದಲೇ ನನ್ನ ಬೆರಳು ಹಿಡಿದಳು. ಮುಖ ಎತ್ತಿ ನನ್ನನ್ನೇ ನೋಡಿದಳು.

"ಕಾಕಾ, ಇವತ್ತ ನಿಮ್ಮ ಕೈ ಬೆಚ್ಚಗ ಐತಲ್ರಿ?"

ಬಸ್ಸು ಬರುವ ತನಕ ಅವಳ ಕೈ ಹಿಡಿದುಕೊಂಡೇ ನಿಂತಿದ್ದೆ. ಬಿಡಲು ಧೈರ್ಯವಾಗಲಿಲ್ಲ.