ಬಾಗಿಲ ಚೌಕಟ್ಟಿನ ಸುಣ್ಣದ ಗೆರೆಗಳು

ಶಾಲೆಯ ನೌಕರಿಗೆಂದು ವಿಜಯಪುರದಿಂದ ತುಮಕೂರು ಕಡೆಯ ನಿಟ್ಟೂರಿಗೆ ಬಂದ ಮೊದಲ ದಿನವೇ ಮನೆ ಓನರ್ ರಂಗಮ್ಮಜ್ಜಿ ನನ್ನ ಐದು ತಿಂಗಳ ಮಗಳನ್ನು ಕಿತ್ತುಕೊಂಡು, ಕಾಲು ನೀಡಿ ಕೂತು ಎಣ್ಣೆ ತಿಕ್ಕತೊಡಗಿದರು. ಒಂದು ಮಾತು ಕೇಳಲೂ ಇಲ್ಲ! ಕೇಳ್ರಿ ನಮ್ಮ ವಿಜಯಪುರದ ಮಂದಿ, ನಾನು ಬಾಯಿ ಬಿಟ್ಟು ನಿಂತೆ. ಕೂಸು ಅವರ ಸೀರೆ ಮೇಲೆ ಹಾಲು ಕಕ್ಕಿತು. "ಕಕ್ಕಲಿ ಬುಡವ್ವ, ಮಗೀಗೆ ಹಾಲು ಹೆಚ್ಚಾಗೈತೆ," ಎಂದರು.

ಹೆಚ್ಚಾಗಿರಲಿಲ್ಲ. ದಿನವಿಡೀ ಕಕ್ಕುತ್ತಿತ್ತು, ಬೆನ್ನು ಸೆಟೆದು ಅಳುತ್ತಿತ್ತು, ತೂಕ ಏರುತ್ತಿರಲಿಲ್ಲ. ತುಮಕೂರಿನ ಮಕ್ಕಳ ಡಾಕ್ಟರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ಒಳಗೆಲ್ಲೂ ದಾರಿ ಕಟ್ಟಿಲ್ಲ, ಹಾಲು ಹೊಟ್ಟೆಯ ಹುಳಿಯ ಜತೆ ಮೇಲೇರುತ್ತಿರಬೇಕು ಎಂದರು. "ಅದನ್ನ ಖಚಿತ ಮಾಡ್ಕೊಳ್ಳೋಕೆ ಮೂಗಿನಿಂದ ನಳಿಕೆ ಇಳಿಸಿ ಒಂದು ದಿನ ಇಡೋ ಪರೀಕ್ಷೆ ಇದೆ. ಅದಕ್ಕೆ ಮುಂಚೆ ಒಂದು ವಾರ, ಯಾವಾಗ ಎಷ್ಟು ಸಲ ಕಕ್ತು ಅಂತ ಗುರುತು ಹಾಕ್ಕೊಂಡು ಬನ್ನಿ."

ನಳಿಕೆ ಬೇಡವೇ ಬೇಡ ಎಂದು ಹಟ ಹಿಡಿದೆ. ಆದರೆ ಹಗಲು ನನಗೆ ಶಾಲೆಯ ಪಾಠ. ಯಜಮಾನರ ನೌಕರಿ ಇನ್ನೂ ವಿಜಯಪುರದಲ್ಲೇ. ಓದು ಬರಹ ಬಾರದ ಅಜ್ಜಿಯೇ ಗತಿ. ಕೂಸು ಕಕ್ಕಿದಾಗಲೆಲ್ಲ ಅವರು ಎಲೆಅಡಿಕೆಯ ಸುಣ್ಣದಿಂದ ಬಾಗಿಲ ಚೌಕಟ್ಟಿಗೆ ಗೆರೆ ಎಳೆದರು: ಬೆಳಗಿನದು ಮೇಲೆ, ಮಧ್ಯಾಹ್ನದ್ದು ಕೆಳಗೆ. ಸಂಜೆ ನಾನು ಪುಸ್ತಕಕ್ಕೆ ಇಳಿಸುತ್ತಿದ್ದೆ.

ವಾರದ ಮೇಲೆ ಪುಸ್ತಕ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. "ಇಷ್ಟೇ ಕಕ್ಕೋದಾದ್ರೆ ತೂಕ ಯಾಕೆ ಏರ್ತಿಲ್ಲ? ನಳಿಕೆ ಹಾಕ್ಲೇಬೇಕೇನೋ."

ಮನೆಗೆ ಬಂದು ಅತ್ತುಬಿಟ್ಟೆ. ಅಜ್ಜಿ ತಲೆ ತಗ್ಗಿಸಿದರು. "ಮಗೀಂದು ಎಣಿಸಬಾರ್ದು ಕಣವ್ವ, ದೃಷ್ಟಿ ಆಯ್ತದೆ. ಅದ್ಕೆ ನೀನು ಬರೋ ಹೊತ್ಗೆ ಅರ್ಧ ಅಳಿಸ್ಬುಡ್ತಿದ್ದೆ."

ಸಿಟ್ಟು ನೆತ್ತಿಗೇರಿತು. "ನಿಮ್ಮ ದೃಷ್ಟಿ ಸಲುವಾಗಿ ನನ್ನ ಕೂಸಿನ ಮೂಗಿಗೆ ನಳಿಕೆ ಬರ್ತೈತ್ರಿ ಅಜ್ಜಿ!"

ಅವರು ಎದ್ದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಈಗ ಎಷ್ಟಾದ್ರೂ ಎಣಿಸ್ತೀನಿ ಬುಡು."

ಡಾಕ್ಟರಿಂದ ಇನ್ನೊಂದು ವಾರ ಬೇಡಿ ತಂದೆ. ಈ ಸಲ ಹೆಚ್ಚಿನ ಗೆರೆಗಳು ಮೇಲೇ, ಬೆಳಗಿನ ಜಾಗದಲ್ಲೇ ಗುಂಪುಗಟ್ಟಿದ್ದವು. ಬೆಳಿಗ್ಗೆ ಹಾಲು ಕುಡಿಸಿದ ಕೂಡಲೇ ಅಜ್ಜಿಯ ಎಣ್ಣೆನೀರು, ಆಮೇಲೆ ತೊಟ್ಟಿಲು. "ಸ್ನಾನ ಮೊದಲು, ಹಾಲು ಆಮೇಲೆ. ಕುಡಿದ ಮೇಲೆ ಅರ್ಧ ಗಂಟೆ ಹೆಗಲ ಮೇಲಿರಲಿ. ತೂಕ ಏರಿದ್ರೆ ನಳಿಕೆ ಬೇಡ," ಎಂದರು ಡಾಕ್ಟರು. ತಿಂಗಳಿಗೆ ತೂಕ ಏರಿತು! ಅಜ್ಜಿಗೆ ಹೇಳಲು ಓಡುತ್ತ ಬಂದೆ.

ದಸರಾ ರಜೆಗೆ ವಿಜಯಪುರಕ್ಕೆ ಬಂದೆ. ನಿಟ್ಟೂರಿನಲ್ಲಿ ಮುದ್ದೆ ನುಂಗುವಾಗ ರೊಟ್ಟಿ ನೆನಪಾಗುತ್ತಿತ್ತು; ಇಲ್ಲಿ ರೊಟ್ಟಿ ಮುರಿಯುವಾಗ ಮುದ್ದೆ. ಅವ್ವನ ಹೆಗಲ ಮೇಲೆ ಕೂಸು ಕಕ್ಕಿದಾಗ ನನ್ನ ಕಣ್ಣು ಬಾಗಿಲ ಚೌಕಟ್ಟಿಗೆ ಹೋಯಿತು.

"ಅಲ್ಲೇನ್ ನೋಡಾಕತ್ತಿ?" ಎಂದಳು ಅವ್ವ.

ಅಷ್ಟರಲ್ಲಿ ಅಜ್ಜಿಯ ಫೋನು. "ಇವತ್ತು ಎಷ್ಟವ್ವ? ಸುಳ್ಳು ಹೇಳ್ಬ್ಯಾಡ."

"ಒಂದೇ ಅಜ್ಜಿ," ಅಂದೆ.

ಎರಡಾಗಿತ್ತು. ಅಜ್ಜಿಯ ಹಾಗೆ ನಾನೂ ಒಂದನ್ನು ಅಳಿಸಿಬಿಟ್ಟೆ.