ದತ್ತೂರಿ ಸೂಜಿ ಮಾಡಿದ ಬಾಯಾರು

ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿ ಖಾಲಿ ಸೀಟಿನಲ್ಲಿ ಕೂತದ್ದೇ ತಡ, ಕಿಟಕಿಯ ಹೊರಗಿನಿಂದ ಹಿರಿಯರೊಬ್ಬರು ಗದರಿದರು: "ಏಳ್ರಿ ಬಾಯಾರ! ವಸ್ತ್ರ ಹಾಕೇನಿ, ಕಾಣಂಗಿಲ್ಲೇನು?" ಬಾಯಾರ ಎಂದರೆ ಅಮ್ಮನವರೇ ಎಂದು, ವಸ್ತ್ರವೆಂದರೆ ಹೆಗಲ ಮೇಲಿನ ಟವೆಲು. ನಾನು ಅದನ್ನು ಮಡಚಿ ಪಕ್ಕಕ್ಕಿಟ್ಟಿದ್ದೆ. ನಮ್ಮ ಮೈಸೂರಿನಲ್ಲೂ ಟವೆಲು ಎಸೆದು ಸೀಟು ಹಿಡಿಯುವವರುಂಟು. ಯಾರಾದರೂ ಎತ್ತಿಟ್ಟು ಕೂತರೆ ಗೊಣಗಿ ಸುಮ್ಮನಾಗುತ್ತಾರೆ. ಇಲ್ಲಿ ಇಡೀ ಬಸ್ಸು ವಸ್ತ್ರದ ಪಕ್ಷ ಹಿಡಿಯಿತು. ನಾನು ನಿಂತುಕೊಂಡೇ ಮಿಶ್ರಿಕೋಟಿ ದಾಟಿದೆ. ಇಳಿದ ಮೇಲೆ ತಿಳಿಯಿತು, ಗದರಿದವರು ನಾನು ಡಾಕ್ಟರಾಗಿ ಬಂದ ಹಳ್ಳಿಯ ಹಿರಿಯ ಶಿವಪ್ಪ ಕಾಕಾ ಎಂದು. ಬಾಡಿಗೆಗೆ ಸಿಕ್ಕ ಎರಡು ಖೋಲಿಗಳೂ, ಅಂದರೆ ಕೋಣೆಗಳೂ, ಅವರವೇ.

ಅಲ್ಲಿ ಮುದ್ದೆ, ಇಲ್ಲಿ ರೊಟ್ಟಿ. ನಾನು ಬಡಿದ ರೊಟ್ಟಿ ಯಾವ ದೇಶದ ನಕಾಶೆ ಎಂದು ಹೆಂಗಸರು ಕೇಳುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ" ಎಂದರೆ ನಾಟಕದವರ ಮಾತು ಎಂದು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಹಗಲು ರೋಗಿಗಳೊಂದಿಗೆ ಕಳೆಯುತ್ತಿತ್ತು, ಸಂಜೆಗೆ ಅಳು ಬರುತ್ತಿತ್ತು. ಮೈಸೂರಿಗೆ ವರ್ಗ ಕೇಳಬೇಕೆಂದು ದಿನಕ್ಕೊಮ್ಮೆಯಾದರೂ ಅನ್ನಿಸುತ್ತಿತ್ತು.

ಹತ್ತಿಗೆ ಹುಳ ಬಿದ್ದ ಕಾಲ. ಕೀಟನಾಶಕಕ್ಕೆ ಇಲ್ಲಿ ಎಣ್ಣಿ ಅನ್ನುತ್ತಾರೆ. ಕಾಕಾರ ತಮ್ಮನ ಮಗ ಫಕೀರಪ್ಪ ಎಣ್ಣಿ ಹೊಡೆಯುವಾಗ ಪಂಪಿನ ಮೂತಿ ಕಟ್ಟಿಕೊಂಡಿತಂತೆ. ಎಲ್ಲರೂ ಮಾಡುವಂತೆ ಬಾಯಿಟ್ಟು ಊದಿದ. ಕಾಕಾ ಅವನನ್ನು ಎತ್ತಿನ ಚಕ್ಕಡಿಯಲ್ಲಿ ಹಾಕಿ ನನ್ನ ಆಸ್ಪತ್ರೆಗೆ ತಂದಾಗ ಜೊಲ್ಲು ಧಾರೆಯಾಗಿ ಸುರಿಯುತ್ತಿತ್ತು, ಎದೆ ಗೊರಗೊರ ಅನ್ನುತ್ತಿತ್ತು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಹುಬ್ಬಳ್ಳಿ ಮುಟ್ಟುವಷ್ಟು ಉಸಿರು ಅವನಲ್ಲಿರಲಿಲ್ಲ. ಮೈ ತೊಳೆಸಿ ಅಟ್ರೋಪಿನ್ ಇಂಜೆಕ್ಷನ್ ಕೊಟ್ಟೆ, ಇಲ್ಲಿಯವರ ಮಾತಿನಲ್ಲಿ ಸೂಜಿ ಮಾಡಿದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟೆ. ಎದೆ ತಿಳಿಯಾಗತೊಡಗಿತು. ಆದರೆ ಮುಖ ಕೆಂಪಗಾಯಿತು, ಪಾಪೆ ಅಗಲವಾಯಿತು, ಫಕೀರಪ್ಪ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತ ಇಲ್ಲದ ಎತ್ತುಗಳನ್ನು ಕರೆಯತೊಡಗಿದ.

ಅವನ ಹೆಂಡತಿ ಯಲ್ಲವ್ವ ಚೀರಿದಳು: "ಕಾಕಾ, ಇದು ದತ್ತೂರಿ ತಿಂದವರ ಲಕ್ಷಣ ಐತಲ್ರಿ!"

ಸೋಮವಾರ ತಪ್ಪದೆ ಶಿವನಿಗೆ ದತ್ತೂರಿ ಹೂ ಏರಿಸುವ ಮನೆ ಅವರದು. ಅದರ ಬೀಜ ತಿಂದವರು ಹೇಗಾಗುತ್ತಾರೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಏನ್ ಕೊಟ್ಟೀರಿ ಬಾಯಾರ?" ಎಂದರು ಕಾಕಾ.

"ದತ್ತೂರಿಯಲ್ಲಿರೋ ಅಂಥದೇ ವಿಷ, ಕಾಕಾ. ಸೋಸಿ, ಅಳತೆ ಮಾಡಿ ಕೊಟ್ಟಿದೀನಿ."

"ಚಕ್ಕಡಿ ಹೂಡ್ರಿ," ಎಂದು ಕಾಕಾ ಹೊರಗಿದ್ದವರಿಗೆ ಕೂಗಿದರು.

ಮನೆಗೆ ಒಯ್ದರೆ ಫಕೀರಪ್ಪ ಸಾಯುತ್ತಿದ್ದ. ಔಷಧಿಯ ಗುಣ ಬೇಗ ಇಳಿಯುತ್ತದೆ, ಎಣ್ಣಿಯ ವಿಷ ಅಷ್ಟು ಬೇಗ ಇಳಿಯುವುದಿಲ್ಲ. ಕಾಲೇಜಿನಲ್ಲಿ ಕಪ್ಪೆಯ ಹೃದಯದ ಮೇಲೆ ಇದೇ ಔಷಧಿಯ ಹನಿ ಬಿಟ್ಟು ಗುಣ ನೋಡಿದ್ದೆವು. ಔಷಧಿ ಹೋಗಿ ಕೂರುವ ಜಾಗವೊಂದು ದೇಹದಲ್ಲಿದೆ, ಅದನ್ನು ಯಾರೂ ಕಣ್ಣಾರೆ ಕಂಡಿಲ್ಲ, ಆದರೂ ಅದರ ಆಕಾರ ಊಹಿಸಿ ತಕ್ಕ ಹೊಸ ಔಷಧಿ ಕಟ್ಟುವ ಕಾಲ ಬಂದಿದೆ ಎಂದು ಮೇಷ್ಟರು ಹೇಳಿದ್ದರು. ಕಾಣದ ಜಾಗವನ್ನು ಕಾಕಾಗೆ ಹೇಗೆ ತೋರಿಸಲಿ? ಬಸ್ಸಿನ ಹೋಲಿಕೆಯೇ ಗತಿಯಾಯಿತು. ನರದಿಂದ ಬರುವ ರಸ ಪ್ರಯಾಣಿಕರಿದ್ದಂತೆ. ಸೀಟಿನಲ್ಲಿ ಕೂತರೆ ಜೊಲ್ಲು ಬರುತ್ತದೆ. ಕೆಲಸವಾದ ಮೇಲೆ ಕಂಡಕ್ಟರ್ ಅವರನ್ನು ಇಳಿಸಬೇಕು. ಎಣ್ಣಿ ಆ ಕಂಡಕ್ಟರನ ಕೈಕಟ್ಟಿದೆ, ಜನ ಹತ್ತುತ್ತಲೇ ಇದ್ದಾರೆ. ನನ್ನ ಸೂಜಿ ಸೀಟಿನ ಮೇಲೆ ಹಾಕಿದ ವಸ್ತ್ರ. ಅದು ಪ್ರಯಾಣ ಮಾಡುವುದಿಲ್ಲ, ಕೂರಲೂ ಬಿಡುವುದಿಲ್ಲ. ಜಾರಿದರೆ ಮತ್ತೆ ಹಾಕಬೇಕು. ಅದೇ ವಸ್ತ್ರ ತಲೆಯೊಳಗಿನ ಸೀಟಿಗೂ ಬಿದ್ದಿದೆ, ಅದಕ್ಕೇ ಈ ಬಡಬಡಿಕೆ.

ಕಾಕಾ ಪೂರ್ತಿ ಕೇಳಿದರು. "ತಿಳೀತ್ರಿ. ಆದ್ರ ಆಂವ ಸತ್ರ ನೀವು ಬಸ್ ಹತ್ತಿ ನಿಮ್ಮೂರಿಗೆ ಹೊಕ್ಕೀರಿ. ಇಲ್ಲಿ ಇರಾವ್ರು ನಾವು."

ನನಗೆ ಭಯವಾಗಿತ್ತು, ಸಿಟ್ಟೂ ಬಂದಿತ್ತು. "ಹೋಗಂಗಿಲ್ರಿ ಕಾಕಾ. ಆಂವ ಸತ್ರ ನಾ ಈ ಊರು ಬಿಡಂಗಿಲ್ಲ. ದಿನಾ ನಿಮ್ಮ ಕಣ್ಮುಂದ ಅಡ್ಡಾಡತೀನಿ." ಅವರ ಮಾತು ನನ್ನ ಬಾಯಲ್ಲಿ ತಡವರಿಸದೆ ಬಂದದ್ದು ಅದೇ ಮೊದಲು.

ಕಾಕಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಎತ್ತು ಬಿಚ್ಚಿಸಿದರು.

ಫಕೀರಪ್ಪ ಬದುಕಿದ. ಕೆಲವೇ ದಿನಗಳಲ್ಲಿ ಎದ್ದು ಕೂತು ಚಹಾ ಕೇಳಿದ. ನನಗೆ ದತ್ತೂರಿ ಸೂಜಿ ಮಾಡಿದ ಬಾಯಾರು ಎಂದು ಹೆಸರಾಯಿತು. ಪಕ್ಕದ ಬಮ್ಮಿಗಟ್ಟಿಯಿಂದಲೂ ಜನ ಬರತೊಡಗಿದರು, ನನ್ನ ರೊಟ್ಟಿಯೂ ದುಂಡಗಾಯಿತು.

ಈ ಸಲ ಮೈಸೂರಿಗೆ ವರ್ಗವಾಗುವ ಅವಕಾಶ ಬಂದಿದೆ. ಅಮ್ಮ ಬಾ ಎನ್ನುತ್ತಾಳೆ. ಹೇಗೆ ಹೇಳುವುದೆಂದು ಹಿಂಜರಿಯುತ್ತಲೇ ಕಾಕಾಗೆ ಹೇಳಿದೆ.

"ಹೋಗಿ ಬರ್ರಿ ಬಾಯಾರ," ಎಂದರು ಅವರು ಅಕ್ಕರೆಯಿಂದ. "ಫಕೀರಪ್ಪ ಸತ್ರ ಊರು ಬಿಡಂಗಿಲ್ಲ ಅಂದಿದ್ರಿ, ಆಂವ ಬದುಕಿದನಲ್ರಿ. ನಿಮ್ಮ ಮಾತಿನ ಹಂಗು ನಿಮಗಿಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಬಹಳ ನೋವಾಯಿತು. ಫಕೀರಪ್ಪ ಸತ್ತಿದ್ದರೆ ನಾನು ಈ ಊರಿನವಳಾಗಿಬಿಡುತ್ತಿದ್ದೆ. ಅವನನ್ನು ಉಳಿಸಿಕೊಂಡೆ, ನಾನು ಮೈಸೂರಿನವಳಾಗಿಯೇ ಉಳಿದೆ.